ಎಳೆಯ ಕಾವಲಿಗನೂ ಹಿರಿಯ ಕಾವಲಿಗನೂ

ವಯಸ್ಸು ಮೂವತ್ತೈದನ್ನು ದಾಟಿದ ಗೋಲ್‌ಕೀಪರನೊಬ್ಬನನ್ನು ಬೇರೆ ತಂಡದಿಂದ ಪಡೆದುಕೊಂಡು, ಅದಕ್ಕೆ ಪ್ರತಿಯಾಗಿ ಚುರುಕಾದ ಎಳೆಯ ಆಟಗಾರನೊಬ್ಬನನ್ನು ಆ ತಂಡಕ್ಕೆ ಒಪ್ಪಿಸಿಕೊಡುವುದು ಹಾಕಿಯ ತಂಡವೊಂದಕ್ಕೆ ಲಾಭವೋ ನಷ್ಟವೋ ಎಂಬ ಪ್ರಶ್ನೆಯು ಮನೆಮಂದಿಯೆಲ್ಲ ಓದುವ ಈ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವು ವಾಚಕರಿಗೆ ತೋರಬಹುದು. ಅಡುಗೆ, ಮನೆಮದ್ದು, ಮಕ್ಕಳ ಪಾಠ, ಹಬ್ಬಹುಣ್ಣಿವೆ ಇವುಗಳ ನಡುವೆ ಹಾಕಿಗೇನು ಕೆಲಸ? ಆದರೆ ಈ ಪ್ರಶ್ನೆಯನ್ನು ನಮ್ಮೆದುರಿಗೆ ಇಟ್ಟವರು ಆಟದ ಹುಚ್ಚು ಹಿಡಿದ ತರುಣರಲ್ಲ. ಮುದ್ದೇಬಿಹಾಳದ ಕಡೆಯ ಒಬ್ಬ ಗೃಹಿಣಿಯವರು.

ಅವರ ಮಗನು ಕ್ರೀಡಾ ವಸತಿನಿಲಯದಲ್ಲಿ ಬೆಳೆದು, ಈಗ ದೂರದ ನಗರವೊಂದರಲ್ಲಿ ಒಂದು ತಂಡದ ಎರಡನೆಯ ಗೋಲ್‌ಕೀಪರನಾಗಿದ್ದಾನೆ. ಮೊದಲನೆಯವನು ಈ ವರ್ಷ ತಂಡವನ್ನು ಬಿಟ್ಟನು. ತನ್ನ ಸರದಿ ಬಂತೆಂದು ಹುಡುಗನು ಮನೆಗೆ ತಿಳಿಸಿದ ವಾರದೊಳಗಾಗಿಯೇ ತಂಡದವರು ಅನುಭವಿಯಾದ ಹಿರಿಯನೊಬ್ಬನನ್ನು ತರುವ ಮಾತನ್ನೆತ್ತಿದರಂತೆ. “ಮೂರು ವರ್ಷ ಹೊರಗ ಕುಂತಾನ್ರಿ ನನ್ನ ಮಗ, ಇನ್ನೂ ಎಷ್ಟು ಕೂಡಬೇಕು?” ಎಂದು ಆ ತಾಯಿಯವರು ಬರೆದಿರುತ್ತಾರೆ. ತಂಡದವರ ಎಣಿಕೆಯೂ ತಾಯಿಯ ಅಳಲೂ ಎರಡೂ ನಿಜವಾದವುಗಳೇ ಆದಕಾರಣ ವಿಷಯವನ್ನು ತುಸು ಬಿಡಿಸಿ ನೋಡುವುದು ಯುಕ್ತವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ಈ ಸೀಮೆಯಲ್ಲಿ ಹಾಕಿಯ ಕೋಲನ್ನು ಹಿಡಿದವರು ವಿರಳ. ಇಲ್ಲಿ ಕುಸ್ತಿಯ ಕಣವುಂಟು, ಕಬಡ್ಡಿಯುಂಟು, ಜೋಳದ ರಾಶಿಯಾದ ಮೇಲೆ ಬಯಲಿನಲ್ಲಿ ಕ್ರಿಕೆಟ್ಟೂ ಉಂಟು. ಆದುದರಿಂದ ಗೋಲ್‌ಕೀಪರನ ಕೆಲಸವೇನೆಂಬುದನ್ನು ಮೊದಲು ಹೇಳಬೇಕಾಗಿದೆ. (ಅವನನ್ನು ‘ದ್ವಾರಪಾಲಕ’ನೆಂದು ಕರೆಯುವ ಆಸೆ ನಮ್ಮ ಸಂಸ್ಕೃತದ ಅಭ್ಯಾಸಕ್ಕೆ ಹುಟ್ಟದೆ ಇರಲಿಲ್ಲ, ಆದರೆ ಜನರು ಆಡುವ ಮಾತೇ ಇರಲಿ.) ಅವನು ಕಾಯತಕ್ಕ ಗೋಲಿನ ಅಗಲವು 3.66 ಮೀಟರು, ಎತ್ತರವು 2.14 ಮೀಟರು. ಎದುರಾಳಿಯು ಚೆಂಡನ್ನು ಹೊಡೆಯುವುದಕ್ಕೆ ಅಧಿಕಾರವುಳ್ಳ ಆವರಣದ ಅಂಚು ಗೋಲಿನಿಂದ 14.63 ಮೀಟರುಗಳಷ್ಟು ದೂರವಿರುತ್ತದೆ. ಪೆನಾಲ್ಟಿ ಕಾರ್ನರಿನಲ್ಲಿ ಬಲಶಾಲಿಯಾದವನು ಸೆಳೆದೆಸೆದ ಚೆಂಡು ಗಂಟೆಗೆ 110 ಕಿಲೋಮೀಟರು ವೇಗದಿಂದ ಬಂದಿತೆನ್ನಿ; ಲೆಕ್ಕ ಹಾಕಿದರೆ ಗೋಲನ್ನು ಮುಟ್ಟುವುದಕ್ಕೆ ಅದಕ್ಕೆ ಅರ್ಧ ಸೆಕೆಂಡೂ ಹಿಡಿಯದು. ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಕೆಲಸ ತೀರಿಹೋಗಿರುತ್ತದೆ.

ಇಂಥ ಚೆಂಡನ್ನು ಕಂಡ ಮೇಲೆ ಕೈಕಾಲು ಆಡಿಸುತ್ತೇನೆಂದರೆ ಯಾರಿಂದಲೂ ಆಗದು, ಇಪ್ಪತ್ತರ ಪ್ರಾಯದವನಿಂದಲೂ ಆಗದು. ಹೊಡೆಯುವವನ ಭುಜವು ಯಾವ ಕಡೆಗೆ ವಾಲಿತು, ಅವನು ಹೆಜ್ಜೆಯನ್ನು ಎಲ್ಲಿ ಊರಿದನು, ತನ್ನ ಕಡೆಯ ರಕ್ಷಕನು ಯಾವ ದಾರಿಯನ್ನು ಮುಚ್ಚಿದ್ದಾನೆ ಎಂಬುದನ್ನೆಲ್ಲ ಮೊದಲೇ ಓದಿಕೊಂಡು, ನಿಲ್ಲತಕ್ಕಲ್ಲಿ ಹೋಗಿ ನಿಂತಿರಬೇಕು. ಇದು ಸಾವಿರಾರು ಚೆಂಡುಗಳು ಮೈಗೆ ಬಡಿದ ಮೇಲೆ ಬರುವ ವಿದ್ಯೆ. ಇದರ ಮೇಲೆ ಮತ್ತೊಂದುಂಟು: ಮೈದಾನವೆಲ್ಲವನ್ನೂ ಎದುರಿಗೆ ಕಾಣುವವನು ಅವನೊಬ್ಬನೇ. ‘ಎಡಕ್ಕೆ ಸರಿ, ನಿನ್ನ ಬೆನ್ನ ಹಿಂದೆ ಒಬ್ಬನಿದ್ದಾನೆ’ ಎಂದು ಕೂಗಿ ತನ್ನವರನ್ನು ನಡೆಸತಕ್ಕವನೂ ಅವನೇ. ಮುಂದಿನ ಸಾಲಿನಲ್ಲಿ ಓಡುವವನ ಕಾಲು ಮೂವತ್ತಕ್ಕೆ ಸೋಲತೊಡಗಿದರೆ, ಗೋಲಿನಲ್ಲಿ ನಿಲ್ಲುವವನ ಕಣ್ಣು ಮೂವತ್ತಕ್ಕೆ ಪಕ್ವವಾಗತೊಡಗುತ್ತದೆ. ಆದುದರಿಂದ ಎಲ್ಲರ ವಯಸ್ಸನ್ನೂ ಒಂದೇ ಅಳತೆಯಿಂದ ಅಳೆಯುವುದು ಸರಿಯಲ್ಲ.

ನಿದರ್ಶನಗಳಿಗೆ ಕೊರತೆಯಿಲ್ಲ. ನಮ್ಮ ಬೆಳಗಾವಿಯಲ್ಲಿ ತನ್ನ ಕೇಂದ್ರವನ್ನುಳ್ಳ ಮರಾಠಾ ಪದಾತಿದಳದ ಯೋಧರಾಗಿದ್ದ ಶಂಕರ ಲಕ್ಷ್ಮಣ್ ಅವರು 1956, 1960, 1964ರ ಮೂರು ಒಲಿಂಪಿಕ್ಸುಗಳಲ್ಲಿ ಭಾರತದ ಗೋಲನ್ನು ಕಾದರು. ಮೂರರಲ್ಲಿಯೂ ಅಂತಿಮ ಪಂದ್ಯವು ಪಾಕಿಸ್ತಾನದ ಮೇಲೆಯೇ ನಡೆಯಿತು. ಆ ಮೂರು ಪಂದ್ಯಗಳಲ್ಲಿ ಕೂಡಿ ಭಾರತಕ್ಕೆ ಆದ ಗೋಲು ಒಂದೇ ಒಂದು. 1966ರ ಏಷ್ಯನ್ ಕ್ರೀಡೆಗಳಲ್ಲಿ ಅವರೇ ನಾಯಕರಾಗಿ ನಿಂತು ಚಿನ್ನವನ್ನು ತಂದರು. 1968ರಲ್ಲಿ ಮೆಕ್ಸಿಕೊಗೆ ಹೋದ ತಂಡದಲ್ಲಿ ಅವರಿರಲಿಲ್ಲ. 1928ರಿಂದ ಮೊದಲುಗೊಂಡು ಒಂದು ಬಾರಿಯೂ ಅಂತಿಮ ಪಂದ್ಯವನ್ನು ತಪ್ಪಿಸಿಕೊಳ್ಳದಿದ್ದ ಭಾರತವು ಆ ವರ್ಷ ಕಂಚಿಗೆ ಇಳಿಯಿತು. ಒಬ್ಬರಿಲ್ಲದುದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಉಳಿದವರಿಗೆ ಅನ್ಯಾಯವು.

ಆಮೇಲೆ ಏಷ್ಯನ್ ಕ್ರೀಡೆಗಳ ಚಿನ್ನಕ್ಕಾಗಿ ಮೂವತ್ತೆರಡು ವರ್ಷ ಕಾಯಬೇಕಾಯಿತು. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ದಕ್ಷಿಣ ಕೊರಿಯದೊಡನೆ ಪಂದ್ಯವು 1-1ಕ್ಕೆ ನಿಂತು, ಪೆನಾಲ್ಟಿ ಹೊಡೆತಗಳಿಂದ ತೀರ್ಮಾನವಾಗತಕ್ಕ ಪ್ರಸಂಗವೊದಗಿದಾಗ, ಬೆಂಗಳೂರಿನ ಆಶಿಷ್ ಬಲ್ಲಾಳರು ಎರಡು ಹೊಡೆತಗಳನ್ನು ತಡೆದು ಗೆಲವನ್ನು ಕೈಗಿತ್ತರು. ಆ ಚಿನ್ನದ ಹೊಳಪು ಮಾಸುವುದಕ್ಕೆ ಮುಂಚೆಯೇ ಬಲ್ಲಾಳರನ್ನೂ ನಾಯಕರಾದ ಧನರಾಜ್ ಪಿಳ್ಳೆಯವರನ್ನೂ ಇನ್ನು ಕೆಲವು ಹಿರಿಯರನ್ನೂ ತಂಡದಿಂದ ಕೈಬಿಟ್ಟುದು ಆಗ ದೇಶದಲ್ಲೆಲ್ಲ ಗದ್ದಲಕ್ಕೆ ಕಾರಣವಾಯಿತು. ಹಿರಿಯರನ್ನು ತರುವುದರಲ್ಲಿ ಮಾತ್ರವಲ್ಲ, ಕಳುಹುವುದರಲ್ಲಿಯೂ ಒಂದು ರೀತಿಯುಂಟೆಂಬುದನ್ನು ಆಡಳಿತಗಾರರು ಅನೇಕ ಸಲ ಮರೆಯುತ್ತಾರೆ.

ಇತ್ತೀಚಿನ ಕಥೆಯನ್ನು ವಾಚಕರು ಟೀವಿಯಲ್ಲಿ ತಾವೇ ಕಂಡಿರಬಹುದು. ಕೇರಳದ ಪಿ. ಆರ್. ಶ್ರೀಜೇಶ್ ಅವರು 2021ರಲ್ಲಿ ಟೋಕಿಯೊದಲ್ಲಿ ಜರ್ಮನಿಯ ಮೇಲೆ ಪಂದ್ಯದ ಕಟ್ಟಕಡೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರನ್ನು ತಡೆದು, ನಲವತ್ತೊಂದು ವರ್ಷಗಳ ತರುವಾಯ ದೇಶಕ್ಕೆ ಹಾಕಿಯ ಪದಕವನ್ನು ಉಳಿಸಿಕೊಟ್ಟರು. 2024ರಲ್ಲಿ ಪ್ಯಾರಿಸಿನಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಬ್ರಿಟನ್ನಿನ ಎದುರಿಗೆ ಒಬ್ಬ ಆಟಗಾರನು ಹೊರಹಾಕಲ್ಪಟ್ಟು ಹತ್ತೇ ಮಂದಿ ಉಳಿದಿದ್ದಾಗ ನಲವತ್ತು ನಿಮಿಷಗಳಿಗೂ ಮಿಕ್ಕು ಗೋಲನ್ನು ಕಾದು, ಶೂಟೌಟಿನಲ್ಲಿ 4-2ರಿಂದ ಗೆಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಕಿ ಇಂಡಿಯಾ ಲೀಗಿನ ಹರಾಜು ದೆಹಲಿಯಲ್ಲಿ ನಡೆದಾಗ, ಐರ್ಲೆಂಡಿನ ಡೇವಿಡ್ ಹಾರ್ಟ್ ಎಂಬ ಗೋಲ್‌ಕೀಪರರನ್ನು ತಮಿಳುನಾಡಿನ ತಂಡವು 32 ಲಕ್ಷ ರೂಪಾಯಿಗಳಿಗೆ ಕೊಂಡಿತು. ಅವರಿಗೂ ಆಗ ಮೂವತ್ತಾರೇ ವಯಸ್ಸು. ಹಣ ಹಾಕುವವರು ಸುಮ್ಮನೆ ಹಾಕುವುದಿಲ್ಲ.

ಇಷ್ಟನ್ನೇ ಓದಿದರೆ ಹಿರಿಯನನ್ನು ತರತಕ್ಕದ್ದೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ತಾಯಿಯ ಮಾತಿನಲ್ಲಿರುವ ಬಲವನ್ನು ಇನ್ನೂ ನಾವು ತೂಗಿಲ್ಲ. ಮುಂದಿನ ಸಾಲಿನ ಎಳೆಯನು ಹೊರಗೆ ಕುಳಿತರೂ ಪಂದ್ಯಕ್ಕೆ ಹತ್ತು ನಿಮಿಷವಾದರೂ ಒಳಗೆ ಹೋಗಿಬರುತ್ತಾನೆ. ಹಾಕಿಯಲ್ಲಿ ಆಟಗಾರರನ್ನು ಬದಲಿಸುವುದಕ್ಕೆ ಮಿತಿಯಿಲ್ಲ. ಗೋಲಿನಲ್ಲಿಯಾದರೋ ಸ್ಥಳವು ಒಂದೇ. ಒಬ್ಬನು ನಿಂತನೆಂದರೆ ಮತ್ತೊಬ್ಬನು ಇಡೀ ದಿವಸ ಕಾಲಿಗೆ ಕಟ್ಟಿದ ಪ್ಯಾಡನ್ನು ಸಂಜೆಗೆ ಹಾಗೆಯೇ ಬಿಚ್ಚಬೇಕು. ಕೃಷ್ಣ ಬಹದ್ದೂರ್ ಪಾಠಕ್ ಎಂಬ ಗೋಲ್‌ಕೀಪರರು ಟೋಕಿಯೊಕ್ಕೂ ಪ್ಯಾರಿಸಿಗೂ ಶ್ರೀಜೇಶರ ಬದಲಿ ಆಟಗಾರರಾಗಿಯೇ ಹೋದರು. ಎರಡು ಒಲಿಂಪಿಕ್ಸು ಎಂದರೆ ಆಟಗಾರನ ಆಯುಷ್ಯದಲ್ಲಿ ಎಷ್ಟು ಭಾಗವೆಂಬುದನ್ನು ಎಣಿಸಿನೋಡಿರಿ.

ಆದರೂ ಆ ಕಾಯುವಿಕೆ ಬರಿದಾಗಲಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಿಗೆ ಇಬ್ಬರನ್ನೂ ಕರೆದೊಯ್ದು, ಒಂದೇ ಪಂದ್ಯದಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಗೋಲಿಗೆ ನಿಲ್ಲಿಸಿದರು. ಚಿನ್ನವು ಬಂದಿತು, ಕಿರಿಯನಿಗೆ ದೊಡ್ಡ ಪಂದ್ಯದ ಬಿಸಿಯೂ ಮೈಗೆ ಹತ್ತಿತು. ಶ್ರೀಜೇಶರು ನಿವೃತ್ತರಾದ ಮರುವರ್ಷ, 2025ರ ಸೆಪ್ಟೆಂಬರಿನಲ್ಲಿ ರಾಜಗೀರಿನಲ್ಲಿ ಭಾರತವು ಏಷ್ಯಾ ಕಪ್ಪನ್ನು ಗೆದ್ದಾಗ ತಂಡದ ಗೋಲ್‌ಕೀಪರರಲ್ಲಿ ಪಾಠಕರೂ ಒಬ್ಬರಾಗಿದ್ದರು. ಸ್ವತಃ ಶ್ರೀಜೇಶರೇ 2006ರಲ್ಲಿ ತಂಡವನ್ನು ಸೇರಿ, ಏಡ್ರಿಯನ್ ಡಿಸೋಜ, ಭರತ್ ಛೇತ್ರಿ ಇವರ ಬೆನ್ನ ಹಿಂದೆ ವರ್ಷಗಟ್ಟಲೆ ನಿಂತವರೆಂಬುದನ್ನು ಆ ತಾಯಿಯವರಿಗೆ ತಿಳಿಸಬಯಸುತ್ತೇವೆ.

ನಮ್ಮ ಒಕ್ಕಲಿಗರಿಗೆ ಇದು ಹೊಸ ಪಾಠವಲ್ಲ. ಖಿಲಾರಿ ಹೋರಿಯನ್ನು ಮೊದಲ ಸಲ ನೊಗಕ್ಕೆ ಹೂಡುವಾಗ ಅದರ ಜೊತೆಗೆ ಮತ್ತೊಂದು ಎಳೆಹೋರಿಯನ್ನು ಯಾರೂ ಹೂಡುವುದಿಲ್ಲ. ಪಳಗಿದ ಎತ್ತನ್ನೇ ಹೂಡುತ್ತಾರೆ. ಕಾರಹುಣ್ಣಿವೆಯ ದಿವಸ ಕರಿ ಹರಿಯುವುದಕ್ಕೆ ಆ ಹಳೆಯ ಎತ್ತು ಬೇಡ, ಸಾಲು ಹಿಡಿದು ನಡೆಯುವುದನ್ನು ಕಲಿಸುವುದಕ್ಕೆ ಬೇಕು. ಆದರೆ ಹಳೆಯ ಎತ್ತನ್ನು ತಂದು ಅದೊಂದರ ಕೊರಳಿಗೇ ಭಾರವನ್ನೆಲ್ಲ ಹಾಕಿ, ಹೋರಿಯನ್ನು ಗೋದಲಿಯಲ್ಲಿಯೇ ಕಟ್ಟಿಹಾಕಿದರೆ ಹೋರಿ ಎಂದು ಕಲಿಯಬೇಕು? ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ವೃದ್ಧಸಂಯೋಗ’ವೆಂಬ ಒಂದು ಅಧ್ಯಾಯವೇ ಉಂಟು. ರಾಜಪುತ್ರನು ವಿನಯವನ್ನು ಪಡೆಯುವುದಕ್ಕಾಗಿ ವಿದ್ಯಾವೃದ್ಧರ ಸಹವಾಸದಲ್ಲಿರಬೇಕೆಂದು ಅಲ್ಲಿ ವಿಧಿಸಿದೆ. ವಾಚಕರು ಗಮನಿಸಬೇಕಾದುದೇನೆಂದರೆ, ಅಲ್ಲಿ ಬೇಡಿದುದು ವಯಸ್ಸಿನಿಂದ ವೃದ್ಧನಾದವನನ್ನಲ್ಲ, ವಿದ್ಯೆಯಿಂದ ವೃದ್ಧನಾದವನನ್ನು. ಮತ್ತು ಆ ಸಹವಾಸದ ಫಲವು ಸಲ್ಲತಕ್ಕದ್ದು ಎಳೆಯನಿಗೆ.

ನಮ್ಮ ಕಡೆಯ ಜಾತ್ರೆಗಳ ಕಬಡ್ಡಿಯಲ್ಲಿ ಇದರ ವಿಪರೀತವನ್ನು ನಾವು ಅನೇಕ ಸಲ ಕಂಡಿದ್ದೇವೆ. ಒಂದು ದಿವಸದ ಬಹುಮಾನಕ್ಕಾಗಿ ಹೊರಗಿನ ಪಳಗಿದ ಆಟಗಾರನನ್ನು ಹಣ ಕೊಟ್ಟು ಕರೆಸುತ್ತಾರೆ. ಅವನು ಮುಂಜಾನೆ ಬಸ್ಸಿನಿಂದ ಇಳಿದು, ಆಡಿ, ಗೆದ್ದು, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾನೆ. ಊರಿನ ಗುಡಿಯ ಕಟ್ಟೆಯ ಮೇಲೆ ಕಪ್ಪು ಉಳಿಯುತ್ತದೆ. ಊರಿನ ಹುಡುಗನು ಅಂದು ನೀರಿನ ಕೊಡವನ್ನು ಹೊತ್ತುದಷ್ಟೇ ಅವನಿಗೆ ಸಂದ ಭಾಗ್ಯವು. ಇದನ್ನು ತಂಡ ಕಟ್ಟುವುದೆಂದು ನಾವು ಒಪ್ಪಲಾರೆವು.

ಹೀಗಿರಲು ಆ ನಗರದ ತಂಡದವರಿಗೆ ನಾವು ಹೇಳತಕ್ಕದ್ದು ಇಷ್ಟು. ನಿಮ್ಮ ರಕ್ಷಣೆಯ ಸಾಲಿನಲ್ಲಿ ಎಳೆಯರೇ ತುಂಬಿದ್ದರೆ ಹಿರಿಯನನ್ನು ತನ್ನಿರಿ, ಅಂಜಬೇಡಿರಿ. ಆದರೆ ಅವನ ಬದಲಿಗೆ ನೀವು ಕೊಡುವ ಆಟಗಾರನು ಯಾರೆಂಬುದನ್ನು ಎರಡು ಬಾರಿ ಯೋಚಿಸಿರಿ: ಇನ್ನು ಹತ್ತು ವರ್ಷ ಆಡತಕ್ಕವನನ್ನು ಕೊಟ್ಟು ಇನ್ನೆರಡು ವರ್ಷ ಆಡತಕ್ಕವನನ್ನು ತರುವುದಾದರೆ, ನಡುವಿನ ಎಂಟು ವರ್ಷಗಳ ಬೆಲೆಯನ್ನು ಯಾರಿಂದ ವಸೂಲು ಮಾಡುವಿರಿ? ಅದು ನಿಮ್ಮ ಎರಡನೆಯ ಗೋಲ್‌ಕೀಪರನ ವಿದ್ಯೆಯಿಂದಲೇ ಬರತಕ್ಕದ್ದು. ಬರುವ ಹಿರಿಯನೊಡನೆ ಒಪ್ಪಂದ ಬರೆಯುವಾಗಲೇ, ವಾರಕ್ಕೆ ಇಷ್ಟು ದಿವಸ ಕಿರಿಯನನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಸತಕ್ಕದ್ದೆಂದು ಬರೆಯಿಸಿರಿ. ಮೂರು ಪಂದ್ಯಗಳಿಗೆ ಒಂದಾದರೂ ಕಿರಿಯನಿಗೆಂದು ಋತುವಿನ ಆರಂಭದಲ್ಲಿಯೇ ಗೊತ್ತುಮಾಡಿರಿ. ಸೋಲಿನ ಭಯ ಬಂದ ದಿವಸ ಈ ಮಾತನ್ನು ಮುರಿಯುವ ಆಸೆ ಹುಟ್ಟುವುದು ಸಹಜವಾದುದರಿಂದಲೇ ಬರಹದಲ್ಲಿರಲಿ ಎನ್ನುತ್ತೇವೆ. ಇದಾವುದಕ್ಕೂ ಒಪ್ಪದ ಹಿರಿಯನಾದರೆ ಅವನನ್ನು ಬಿಡಿರಿ. ಇರುವ ಹುಡುಗನನ್ನೇ ನಿಲ್ಲಿಸಿ ನಾಲ್ಕು ಪಂದ್ಯಗಳನ್ನು ಸೋತರೂ ಚಿಂತೆಯಿಲ್ಲ.

ಹುಡುಗನು ಮಾಡತಕ್ಕ ಕೆಲಸವೂ ಒಂದುಂಟು. ಹಿರಿಯನು ಬಂದ ದಿವಸ ಮುನಿದು ಮೂಲೆಗೆ ಕೂಡದೆ, ಅವನು ಗೋಲಿನಲ್ಲಿ ನಿಂತಾಗ ಬಲೆಯ ಹಿಂದೆ ಹೋಗಿ ನಿಂತುಕೊಂಡು, ಚೆಂಡು ಹೊಡೆಯುವವನ ಕೈಬಿಡುವುದಕ್ಕೆ ಮುಂಚೆ ಅವನ ಕಾಲು ಎತ್ತ ಸರಿಯಿತೆಂಬುದನ್ನು ದಿನಕ್ಕೆ ಐವತ್ತು ಸಲ ನೋಡಲಿ. ಒಪ್ಪಂದದ ಪ್ರತಿಯಲ್ಲಿ ತನ್ನ ಪಂದ್ಯಗಳು ಯಾವ ದಿನಾಂಕಗಳಿಗೆ ಬಿದ್ದಿವೆಯೆಂಬುದನ್ನು ತರಬೇತುದಾರರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಕೇಳುವುದು ಉದ್ಧಟತನವಲ್ಲ.