ಆರೋಗ್ಯ ವಿಚಾರ: ಕಾವಲಿಗೂ ಕಡಿವಾಣ ಬೇಕು

ಮೈಯಲ್ಲಿ ರೋಗವನ್ನೆದುರಿಸುವ ಶಕ್ತಿಯನ್ನು ಇಮ್ಮಡಿಸುವುವೆಂದು ಹೇಳಿಕೊಳ್ಳುವ ಪುಡಿಗಳೂ ಲೇಹ್ಯಗಳೂ ಈಚೆಗೆ ಅಂಗಡಿಗಳಲ್ಲಿ ಹೇರಳವಾಗಿ ಮಾರಾಟವಾಗುತ್ತಿರುವುದನ್ನು ನಮ್ಮ ವಾಚಕರು ಕಂಡೇ ಇರುವರು. ಇಂತಹ ಶಕ್ತಿಯು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂದು ಗೃಹಸ್ಥರು ಕೇಳುವುದು ಸಹಜವೇ. ಈ ಪ್ರಶ್ನೆಗೆ ಉತ್ತರವನ್ನು ನಾವು ಈ ತಿಂಗಳು ಒಂದು ಅಲ್ಪ ಪ್ರಾಣಿಯಿಂದ, ಎಂದರೆ ಮನೆಯ ಮೂಲೆಯ ಸುಂಡಿಲಿಯಿಂದ, ಕೇಳಿ ತಿಳಿಯೋಣ.

1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಿದುಳುಜ್ವರವು ಹಬ್ಬಿತು. ಆ ಬೇನೆಯನ್ನು ಕುರಿತು ಶೋಧನೆ ನಡೆಸುತ್ತಿದ್ದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ವಿಜ್ಞಾನಿಗೆ ಬೇರೊಂದು ಹೊಸ ವೈರಸ್ಸು ದೊರೆಯಿತು. ಸುಂಡಿಲಿಗಳೇ ಅದರ ತೌರುಮನೆಯೆಂದು ಬಳಿಕ ತಿಳಿದುಬಂದಿತು. ಇದನ್ನು ಬೆಳೆದ ಇಲಿಯ ಮಿದುಳಿಗೆ ಚುಚ್ಚಿದರೆ, ಸುಮಾರು ಒಂದು ವಾರದಲ್ಲಿ ಇಲಿಯು ಸೆಳವು ಬಂದು ಸಾಯುವುದು. ಆದರೆ ಆಗತಾನೆ ಹುಟ್ಟಿದ ಮರಿಗೆ ಸೋಂಕು ತಗಲಿದರೆ, ಅದು ಸಾಯದೆ, ಮೈತುಂಬ ವೈರಸ್ಸನ್ನು ಹೊತ್ತುಕೊಂಡೇ ದೊಡ್ಡದಾಗುವುದು. ವೈರಸ್ಸು ಅದೇ; ಪ್ರಾಣಿಯೂ ಅದೇ. ಹಾಗಾದರೆ ಬೆಳೆದ ಇಲಿಯನ್ನು ಕೊಂದವರಾರು?

1950ರ ದಶಕದಲ್ಲಿ ವ್ಯಾಲೇಸ್ ರೋ ಎಂಬವರು ಈ ಒಗಟಿಗೆ ಸುಳಿವನ್ನು ಕಂಡರು. ಕ್ಷ-ಕಿರಣಗಳನ್ನು ಹಾಯಿಸಿ ರಕ್ಷಣಾಶಕ್ತಿಯನ್ನು ಕುಗ್ಗಿಸಿದಾಗ, ಸಾಯಬೇಕಾದ ಇಲಿಗಳು ಬದುಕಿಕೊಂಡವು! ಈ ವೈರಸ್ಸು ತಾನಾಗಿ ಮಿದುಳನ್ನು ಅಷ್ಟೇನೂ ಕೆಡಿಸದು; ಅದನ್ನು ಹಿಡಿಯಲು ಬಂದ ರಕ್ತದ ಬಿಳಿಯ ಕಣಗಳೇ, ಅವುಗಳಲ್ಲಿಯೂ ಟಿ ಕಣಗಳೆಂಬವೇ, ಅನರ್ಥಕ್ಕೆ ಮೂಲ. ಎಳೆಯ ಮರಿಯಲ್ಲಿಯಾದರೋ, ಈ ಕಣಗಳು ವೈರಸ್ಸನ್ನು ಮನೆಯವರಲ್ಲೊಬ್ಬನೆಂದೇ ಬಗೆದು ಸುಮ್ಮನಿರುವುವು. ಟಿ ಕಣಗಳು ಬರಮಾಡಿಕೊಂಡ ಇತರ ಬಿಳಿಯ ಕಣಗಳು ಮಿದುಳಪೊರೆಯ ರಕ್ತನಾಳಗಳಲ್ಲಿ ನುಗ್ಗಾಡಿ, ಅವು ಸೋರುವಂತೆ ಮಾಡುವುದನ್ನು 2009ರಲ್ಲಿ ಜೀವಂತ ಇಲಿಗಳಲ್ಲಿಯೇ ಸೂಕ್ಷ್ಮದರ್ಶಕದ ಮೂಲಕ ಕಂಡರು. ತಲೆಬುರುಡೆಯೊಳಗೆ ಮಿದುಳು ಊದಿಕೊಂಡರೆ ಹಿಗ್ಗಲು ಎಡೆಯೆಲ್ಲಿಯದು? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಹಾಗೆಂದು ಬೇಲಿಯನ್ನೇ ಕಿತ್ತೆಸೆಯಬಹುದೇ? ಕೂಡದು. ಸೊಳ್ಳೆಗಳಿಂದ ಹರಡುವ ವೆಸ್ಟ್ ನೈಲ್ ವೈರಸ್ಸು ಮಿದುಳಿನ ನರಕಣಗಳನ್ನು ತಾನೇ ಕೊಲ್ಲಬಲ್ಲುದು. ಇದನ್ನು ಹಿಡಿದಡಗಿಸುವ ಟಿ ಕಣಗಳಿಲ್ಲದ ಇಲಿಗಳು ಹೆಚ್ಚಾಗಿ ಸಾಯುವುವು. ಸೋಜಿಗವೇನೆಂದರೆ, ಕಾದುವ ಕಣಗಳನ್ನು ಅಂಕೆಯಲ್ಲಿಡುವ ಮತ್ತೊಂದು ಬಗೆಯ ಟಿ ಕಣಗಳನ್ನು ಕಡಮೆಮಾಡಿದರೂ ಇದೇ ರೋಗದಲ್ಲಿ ಇಲಿಗಳ ಸಾವು ಹೆಚ್ಚುವುದು. ಈ ನಿಯಾಮಕ ಕಣಗಳಿರುವುದನ್ನು ಜಪಾನಿನ ಶಿಮೋನ್ ಸಕಾಗುಚಿಯವರು 1995ರಲ್ಲಿ ಇಲಿಗಳಲ್ಲಿಯೇ ತೋರಿಸಿಕೊಟ್ಟರು. 2025ರ ವೈದ್ಯವಿಜ್ಞಾನದ ನೊಬೆಲ್ ಬಹುಮಾನವು ಅವರಿಗೂ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದಿತು.

ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಿಗೆ ಹಾಗೆಯೇ ಒಪ್ಪುವುದೆಂದು ನಾವು ಹೇಳುವುದಿಲ್ಲ. ಆದರೂ ಗೃಹಸ್ಥರು ಇದರಿಂದ ಅರಿಯತಕ್ಕ ನೀತಿಯೊಂದುಂಟು. ಆರೋಗ್ಯವೆಂಬುದು ಕಾವಲುಗಾರನ ತೋಳ್ಬಲವೊಂದರಲ್ಲಿಯೇ ಇಲ್ಲ. ಎದ್ದು ನಿಲ್ಲುವ ಹೊತ್ತನ್ನೂ ಕತ್ತಿಯನ್ನು ಒರೆಗೆ ಸೇರಿಸುವ ಹೊತ್ತನ್ನೂ ಅವನು ಬಲ್ಲವನಾಗಿರಬೇಕು. ಬರಿಯ ಬಲವನ್ನು ಇಮ್ಮಡಿಸುವೆನೆಂಬ ಡಬ್ಬಿಗೆ ದುಡ್ಡು ತೆರುವ ಮುನ್ನ ಇದನ್ನು ನೆನೆಯಬೇಕು. ಲಸಿಕೆಯ ಮಾತು ಬೇರೆ. ಅದು ಇಂತಹ ಶತ್ರುವೇ ಎಂದು ಗುರುತನ್ನು ಮುಂಚಿತವಾಗಿ ಕಲಿಸತಕ್ಕದ್ದು. ಮಿದುಳಿನ ಕೆಲವು ಬೇನೆಗಳಲ್ಲಿ ವೈದ್ಯರು ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧವನ್ನೇ ಕೊಡುವುದುಂಟು. ಅದನ್ನು ಕಂಡು ಯಾರೂ ಬೆದರಬೇಕಾದುದಿಲ್ಲ, ಅಂತಹ ಔಷಧವನ್ನು ತಾವಾಗಿ ಕೊಡಲೂ ಕೂಡದು, ನಿಲ್ಲಿಸಲೂ ಕೂಡದು.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮಗುವಿಗೆ ಜ್ವರದೊಡನೆ ಮಂಪರು, ಕತ್ತಿನ ಬಿಗಿತ, ಸೆಳವು ಇವುಗಳಲ್ಲಿ ಯಾವುದೊಂದು ಕಂಡರೂ, ಮನೆಮದ್ದಿನಲ್ಲಿ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಬೇಲಿಗೂ ಹೊಲಕ್ಕೂ ನಡೆಯುತ್ತಿರುವ ವ್ಯಾಜ್ಯವನ್ನು ತೀರಿಸುವುದು ಬಲ್ಲವರ ಕೆಲಸ.