ಅತ್ತ ತಲಾಕೂ ಇಲ್ಲ, ಇತ್ತ ಬಾಳೂ ಇಲ್ಲ

ಗಂಡ ಮನೆ ಬಿಟ್ಟುಹೋಗಿ ವರ್ಷಗಳೇ ಕಳೆದಿವೆ. ಖರ್ಚಿಗೆ ಕೊಡುವುದಿಲ್ಲ, ತಲಾಕನ್ನೂ ಕೊಡುವುದಿಲ್ಲ. ತಂದೆಯೊಂದಿಗೆ ಜಮಾಅತಿನ ಕಚೇರಿಗೆ ಬಂದ ಹೆಣ್ಣುಮಗಳಿಗೆ ಅಲ್ಲಿ ಸಿಗುವ ಉತ್ತರ, "ಸಬ್ರ್ ಮಾಡು ಮಗಳೇ, ಅವನು ತಲಾಕ್ ಹೇಳದೆ ನಾವೇನು ಮಾಡಲು ಸಾಧ್ಯ?" ಈ ಉತ್ತರವು ಇಸ್ಲಾಮಿನದ್ದೂ ಅಲ್ಲ, ಈ ದೇಶದ ಕಾನೂನಿನದ್ದೂ ಅಲ್ಲ.

2017ರ ಆಗಸ್ಟಿನಲ್ಲಿ ಶಾಯರಾ ಬಾನು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಒಂದೇ ಉಸಿರಿನ ಮೂರು ತಲಾಕನ್ನು ರದ್ದುಪಡಿಸಿತು. 2019ರಲ್ಲಿ ಕೇಂದ್ರವು ಅದನ್ನು ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯ ಅಪರಾಧವನ್ನಾಗಿಸಿತು. ಸಿವಿಲ್ ಸ್ವರೂಪದ ವಿಷಯವೊಂದನ್ನು ಒಂದು ಸಮುದಾಯದ ಪುರುಷರಿಗೆ ಮಾತ್ರ ಕ್ರಿಮಿನಲ್ ಅಪರಾಧವಾಗಿಸಿದ ರಾಜಕೀಯವು ಗುಟ್ಟೇನಲ್ಲ. ಅದಿರಲಿ. ತಲಾಕ್ ಹೇಳಿದವನನ್ನು ಶಿಕ್ಷಿಸುವ ಈ ಕಾಯ್ದೆ, ಹೇಳದೆಯೇ ಪತ್ನಿಯನ್ನು ತೊರೆದು ಹೋದವನನ್ನು ಮುಟ್ಟುವುದಿಲ್ಲ. ನಾವೂ ಆತನನ್ನು ಪ್ರಶ್ನಿಸುತ್ತಿಲ್ಲ. ಪತ್ನಿಯನ್ನು ತೂಗುಹಾಕಿದ ಸ್ಥಿತಿಯಲ್ಲಿ ಬಿಡಬಾರದೆಂದು ಅನ್ನಿಸಾ ಅಧ್ಯಾಯದ 129ನೇ ಸೂಕ್ತವು ತಾಕೀತು ಮಾಡಿದೆ.

ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ಪ್ರವಾದಿವರ್ಯರ(ಸ) ಬಳಿ ಬಂದಾಗ ಪತಿಯ ಧರ್ಮನಿಷ್ಠೆಯಲ್ಲಾಗಲಿ, ನಡತೆಯಲ್ಲಾಗಲಿ ದೋಷ ಹೇಳಲಿಲ್ಲ. ಅವರೊಂದಿಗೆ ಬಾಳಲಾಗದು ಎಂದಷ್ಟೇ ಹೇಳಿದರು. ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಲು ಆಕೆಗೂ, ತಲಾಕ್ ನೀಡಲು ಪತಿಗೂ ಪ್ರವಾದಿವರ್ಯರು(ಸ) ಸೂಚಿಸಿದರು. ಇದುವೇ ಖುಲಾ. ಪತಿ ಅದಕ್ಕೂ ಒಪ್ಪದಿದ್ದರೆ, ಸಕಾರಣಗಳಿದ್ದಲ್ಲಿ ಖಾಝಿಯು ವಿವಾಹವನ್ನು ರದ್ದುಗೊಳಿಸುವ ಫಸ್ಖ್ ಇದೆ.

ಹನಫೀ ಫಿಕ್‌ಹ್‌ನಲ್ಲಿ ಫಸ್ಖ್‌ನ ದಾರಿ ಇಕ್ಕಟ್ಟಾಗಿದ್ದುದರಿಂದ ಬ್ರಿಟಿಷರ ಕಾಲದಲ್ಲಿ ಕೆಲವು ಮಹಿಳೆಯರು ಬಿಡುಗಡೆಗಾಗಿ ಧರ್ಮವನ್ನೇ ತೊರೆದರು. ಇದರಿಂದ ಕಳವಳಗೊಂಡ ಮೌಲಾನಾ ಅಶ್ರಫ್ ಅಲೀ ಥಾನವಿಯವರು 1930ರ ದಶಕದಲ್ಲಿ ಮಾಲಿಕೀ ಮದ್‌ಹಬ್‌ನ ಅಭಿಪ್ರಾಯವನ್ನು ಸ್ವೀಕರಿಸಿ ಪರಿಹಾರ ಸೂಚಿಸಿದರು. ಅದುವೇ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಗೆ ಹಾದಿಯಾಯಿತು. (ತೀರ್ಪು ಮುಸ್ಲಿಮ್ ನ್ಯಾಯಾಧೀಶರಿಂದಲೇ ಬರಬೇಕೆಂಬ ಬೇಡಿಕೆ ಅದರಲ್ಲಿ ಸೇರಲಿಲ್ಲವೆಂಬ ಅತೃಪ್ತಿ ಉಲಮಾಗಳಿಗಿತ್ತು.) ಪತಿಯು ಎರಡು ವರ್ಷ ಜೀವನಾಂಶ ನೀಡದಿದ್ದರೆ, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಿರ್ವಹಿಸದಿದ್ದರೆ, ನಾಲ್ಕು ವರ್ಷ ಸುಳಿವಿಲ್ಲದಿದ್ದರೆ ಅಥವಾ ಕ್ರೌರ್ಯವೆಸಗಿದರೆ ಪತ್ನಿ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಗಂಡನ ಒಪ್ಪಿಗೆ ಬೇಕಿಲ್ಲ. ನ್ಯಾಯಾಲಯವೆಂದರೆ ಶರೀಅತ್‌ನಲ್ಲಿ ಹಸ್ತಕ್ಷೇಪವೆಂದು ಹೌಹಾರುವವರು ಈ ಚರಿತ್ರೆಯನ್ನೊಮ್ಮೆ ಓದಬೇಕು.

ಇನ್ನು ಜೀವನಾಂಶ. ಅದನ್ನು ಕೇಳಲು ಪತ್ನಿ ವಿಚ್ಛೇದನದ ವರೆಗೆ ಕಾಯಬೇಕಿಲ್ಲ. ವಿಚ್ಛೇದಿತೆಯ ಭವಿಷ್ಯಕ್ಕೆ ನ್ಯಾಯೋಚಿತ ಏರ್ಪಾಡನ್ನು ಇದ್ದತ್‌ನೊಳಗೆ ಮಾಡಬೇಕೆಂದು ಸುಪ್ರೀಮ್ ಕೋರ್ಟ್ 2001ರಲ್ಲಿ ಹೇಳಿದೆ. ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾನೂನಿನಡಿಯಲ್ಲೂ ಆಕೆ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಸ್ಪಷ್ಟಪಡಿಸಿದೆ.

ಜಮಾಅತ್ ಮೊದಲು ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಲಿ, ಕುರ್‌ಆನ್ ಕಲಿಸಿದ ಕ್ರಮವದು. ನಿಗದಿತ ಅವಧಿಯೊಳಗೆ ಫಲ ಕಾಣದಿದ್ದರೆ ಖುಲಾ, ಫಸ್ಖ್‌ಗಳ ದಾರಿ ತೋರಿಸಲಿ. ಮಹ್ರ್ ನಮೂದಾಗಿರುವ ನಿಕಾಹ್ ದಾಖಲೆಯ ಪ್ರತಿಯನ್ನು ಸತಾಯಿಸದೆ ಆಕೆಯ ಕೈಗೆ ಕೊಡಲಿ. ನ್ಯಾಯಾಲಯದ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು. ನಮ್ಮ ಎಷ್ಟು ಮಸೀದಿಗಳ ಸೂಚನಾ ಫಲಕದಲ್ಲಿ ಇಷ್ಟನ್ನಾದರೂ ಬರೆದು ಹಾಕಲಾಗಿದೆ?