ದೂರದ ಪಾಠ, ಹತ್ತಿರದ ಆಸರೆ

ಬಳ್ಳಾರಿ ನಗರದ ನೆರೆಯಲ್ಲಿರುವ ಸಂಗನಕಲ್ಲು ಗ್ರಾಮದ ಹೆಸರು ಪ್ರಾಗಿತಿಹಾಸದ ವಿದ್ವಾಂಸರಿಗೆಲ್ಲ ಸುಪರಿಚಿತವಾದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಬಳ್ಳಾರಿ ಪ್ರಾಂತದ ಗುಡ್ಡಗಳನ್ನು ಅಲೆದಾಡಿ, ಶಿಲಾಯುಗದ ನೆಲೆಗಳನ್ನು ಜಗತ್ತಿಗೆ ಪರಿಚಯಿಸಿದರು. ನವಶಿಲಾಯುಗದ ಜನರು ಇಲ್ಲಿಯ ಗುಡ್ಡಗಳಲ್ಲಿ ಡೋಲರೈಟ್ ಎಂಬ ಕಪ್ಪು ಶಿಲೆಯನ್ನು ಒಡೆದು, ಕೆತ್ತಿ, ಉಜ್ಜಿ, ಕೊಡಲಿಗಳನ್ನು ಹೇರಳವಾಗಿ ಸಿದ್ಧಪಡಿಸುತ್ತಿದ್ದರೆಂಬುದು ಉತ್ಖನನಗಳಿಂದ ಸ್ಥಿರಪಟ್ಟಿದೆ. ಲಿಪಿಯೂ ಇಲ್ಲದ, ಪುಸ್ತಕವೂ ಇಲ್ಲದ ಆ ಕಾಲದಲ್ಲಿ ಕಲ್ಲಿಗೆ ಯಾವ ಕೋನದಲ್ಲಿ ಏಟು ಬೀಳಬೇಕೆಂಬುದನ್ನು ಕಿರಿಯರು ಹಿರಿಯರ ಮಗ್ಗುಲಲ್ಲಿ ಕುಳಿತೇ ಕಲಿತಿರಬೇಕು.

ಇಂದು ಅದೇ ಗ್ರಾಮದ ವಿದ್ಯಾರ್ಥಿಯ ಅಂಗೈಯಲ್ಲಿರುವ ಫೋನಿನೊಳಗೆ ಮದರಾಸಿನ ಐಐಟಿಯ ಪ್ರಾಧ್ಯಾಪಕರ ಉಪನ್ಯಾಸವು ಬಂದು ಸೇರುತ್ತದೆ. ಇದು ಸಾಮಾನ್ಯ ಸಂಗತಿಯಲ್ಲ. ಆದರೆ ಪಾಠವು ಬಂದು ಸೇರಿತೆಂದ ಮಾತ್ರಕ್ಕೆ ವಿದ್ಯೆಯು ಬಂದು ಸೇರಿತೆಂದು ಭಾವಿಸುವುದು ಯೋಗ್ಯವೇ ಎಂಬುದು ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಅವುಗಳಿಗೆ ದಾನ ನೀಡುವವರೂ ಕೂಲಂಕಷವಾಗಿ ವಿಚಾರಿಸಬೇಕಾದ ಪ್ರಶ್ನೆಯಾಗಿದೆ.

ದೂರಶಿಕ್ಷಣವು ಕನ್ನಡನಾಡಿಗೆ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಈ ನಡುವೆ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. 2004ರಲ್ಲಿ ಎಜುಸ್ಯಾಟ್ ಎಂಬ ಉಪಗ್ರಹವು ಶಿಕ್ಷಣಕ್ಕೆಂದೇ ಗಗನಕ್ಕೇರಿತು. 2017ರ ಜುಲೈ 9ರಂದು ‘ಸ್ವಯಂ’ ಎಂಬ ರಾಷ್ಟ್ರೀಯ ಅಂತರ್ಜಾಲ ವೇದಿಕೆಯು ಉದ್ಘಾಟನೆಗೊಂಡಿತು. ಈ ವೇದಿಕೆಯಲ್ಲಿ ಕಲಿತ ವಿಷಯಗಳ ಅಂಕಗಳನ್ನು ವಿದ್ಯಾರ್ಥಿಯ ಪದವಿಗೆ ಸೇರಿಸಿಕೊಳ್ಳಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2016ರ ನಿಯಮಗಳಲ್ಲಿ ಶೇಕಡ 20ರವರೆಗೂ, 2021ರ ನಿಯಮಗಳಲ್ಲಿ ಶೇಕಡ 40ರವರೆಗೂ ಅವಕಾಶ ಕಲ್ಪಿಸಿದೆ. ಹೀಗೆ ದ್ವಾರವು ವರ್ಷದಿಂದ ವರ್ಷಕ್ಕೆ ವಿಶಾಲವಾಗುತ್ತಲೇ ಬಂದಿದೆ.

ಈ ದ್ವಾರದ ಅಗತ್ಯವು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ವಿದ್ಯಾರ್ಥಿಗಳಿಗೆ ಇರುವಷ್ಟು ಮಹಾನಗರಗಳವರಿಗೆ ಇರಲಾರದು. ತುಂಗಭದ್ರೆಯ ಕಾಲುವೆಗಳು ಗದ್ದೆಗಳಿಗೆ ನೀರನ್ನೇನೋ ತಂದಿವೆ. ಆದರೆ ನಾಟಿ ಮತ್ತು ಕಟಾವಿನ ದಿನಗಳಲ್ಲಿ ಕೂಲಿಕಾರರ ಮಕ್ಕಳು ತರಗತಿಯನ್ನು ಬಿಟ್ಟು ಗದ್ದೆಗಿಳಿಯುವುದು ಇನ್ನೂ ತಪ್ಪಿಲ್ಲ. ನಗರದಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಮನೆಗಳ ಮಕ್ಕಳಿಗೂ ಸಂಜೆಯ ಹೊತ್ತು ತಮ್ಮದಲ್ಲ. ತಾಲ್ಲೂಕು ಮಟ್ಟದ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಬಯಸಿದ ವಿಷಯಗಳೆಲ್ಲ ಲಭ್ಯವಿರುವುದಿಲ್ಲ. ಇರುವ ವಿಷಯಗಳ ಬೋಧನೆಯೂ ಬಹುಪಾಲು ಅತಿಥಿ ಉಪನ್ಯಾಸಕರನ್ನು ಅವಲಂಬಿಸಿದೆ. ಸಂಖ್ಯಾಶಾಸ್ತ್ರವನ್ನೋ ಪುರಾತತ್ತ್ವವನ್ನೋ ಕಲಿಯಬೇಕೆಂಬ ಹಂಬಲವುಳ್ಳ ಹೆಣ್ಣುಮಗಳೊಬ್ಬಳು ಊರು ಬಿಡಲಾರದವಳಾದರೆ, ಅವಳ ಪಾಲಿಗೆ ಅಂತರ್ಜಾಲದ ಪಾಠವೇ ಉಳಿದ ಒಂದೇ ದಾರಿ. ಆದುದರಿಂದ ಆನ್‌ಲೈನ್ ಶಿಕ್ಷಣವನ್ನು ಅಗ್ಗದ ಆಟವೆಂದು ತಳ್ಳಿಹಾಕುವುದು ವಿವೇಕವಲ್ಲ.

ಆದರೆ 2020ರ ಅನುಭವವನ್ನು ಮರೆಯುವುದೂ ವಿವೇಕವಲ್ಲ. ಆ ವರ್ಷದ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಮುಚ್ಚಿದ ರಾಜ್ಯದ ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದುದು ನವೆಂಬರ್ 17ರಂದು. ಈ ಎಂಟು ತಿಂಗಳ ಅವಧಿಯಲ್ಲಿ ಪಾಠಗಳು ಫೋನಿನ ಮೂಲಕ ನಡೆದವು. ಮನೆಗೊಂದೇ ಫೋನಿದ್ದು, ಅದೂ ಹಗಲೆಲ್ಲ ದುಡಿಯಲು ಹೋದ ತಂದೆಯ ಜೇಬಿನಲ್ಲಿದ್ದರೆ ಮಗಳ ತರಗತಿಯು ರಾತ್ರಿಯೇ ಆರಂಭವಾಗಬೇಕಾಗಿತ್ತು. ಸಂಶಯ ಬಂದಾಗ ಕೇಳಲು ಆ ಹೊತ್ತಿನಲ್ಲಿ ಯಾರೂ ಇರುತ್ತಿರಲಿಲ್ಲ. ಕೊರತೆಯನ್ನು ಮನಗಂಡ ರಾಜ್ಯ ಸರ್ಕಾರವು 2021ರ ಜೂನ್ ತಿಂಗಳಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಕಾರ್ಯವನ್ನು ಕೈಗೊಂಡಿತು. ಇದು ಸ್ತುತ್ಯವಾದ ಕಾರ್ಯವೇ ಸರಿ. ಉಪಕರಣವು ಕೈಗೆ ಬಂದಿತು. ಆದರೆ ಅದನ್ನು ಹಿಡಿದವನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರೆಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿಯಿತು.

ಪರದೇಶಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಉಚಿತ ಆನ್‌ಲೈನ್ ಪಾಠಕ್ರಮಗಳನ್ನು ಕುರಿತು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017-18ರಲ್ಲಿ ಭಾಗವಹಿಸಿದ ನೂರು ಜನರಲ್ಲಿ ಪಾಠವನ್ನು ಮುಗಿಸಿದವರು ಕೇವಲ ಮೂವರು. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಠದೊಳಕ್ಕೆ ಕಾಲಿಡಲೇ ಇಲ್ಲ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ಸಂಸ್ಥೆಗಳಿವೆ. ಮನೆಗೆ ಸಮೀಪದಲ್ಲಿ, ಕಡಿಮೆ ಶುಲ್ಕದಲ್ಲಿ, ದುಡಿಯುವವರ ಮಕ್ಕಳಿಗೂ ಸ್ವತಃ ದುಡಿಯುವವರಿಗೂ ಕಲಿಸುವ ಈ ಕಾಲೇಜುಗಳು ಇಲ್ಲಿಯ ತಾಲ್ಲೂಕು ಕಾಲೇಜುಗಳಿಗೆ ಸಮಾನವೆನ್ನಬಹುದು. ವಾಷಿಂಗ್ಟನ್ ರಾಜ್ಯದ ಇಂತಹ ಕಾಲೇಜುಗಳ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಪರಿಶೀಲಿಸಿದರು. ಎದುರುಬದುರು ಕುಳಿತು ಕಲಿತ ವಿಷಯಗಳಿಗಿಂತ ಆನ್‌ಲೈನಿನಲ್ಲಿ ಕಲಿತ ವಿಷಯಗಳಲ್ಲಿ ವಿದ್ಯಾರ್ಥಿಗಳು ಹಿಂದೆ ಬಿದ್ದರೆಂಬುದು ಮಾತ್ರವಲ್ಲ, ಮೊದಲೇ ಅಂಕಗಳಲ್ಲಿ ಹಿಂದಿದ್ದವರು ಇನ್ನೂ ಹೆಚ್ಚು ಹಿಂದೆ ಬಿದ್ದರೆಂಬುದು ಅವರ ನಿಷ್ಕರ್ಷೆ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಕಂದಕವನ್ನು ಮುಚ್ಚಬೇಕಾದ ಸಾಧನವು, ಆಸರೆಯಿಲ್ಲದಾಗ, ಆ ಕಂದಕವನ್ನೇ ಅಗಲಿಸುತ್ತದೆಯೆಂಬ ಈ ಎಚ್ಚರಿಕೆಯು ಗಂಭೀರವಾದುದು.

ಇದಕ್ಕೆ ಪ್ರತಿಯಾಗಿ ಯಶಸ್ಸಿನ ನಿದರ್ಶನವೂ ಇದೆ. ಮೈಸೂರಿನಲ್ಲಿ ಅಂಚೆ ಶಿಕ್ಷಣವು ಹುಟ್ಟಿದ 1969ರಲ್ಲಿಯೇ ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, 1971ರಲ್ಲಿ ಪಾಠಗಳು ಮೊದಲಾದವು. ರೇಡಿಯೋ ಮತ್ತು ಟೆಲಿವಿಷನ್ ಮೂಲಕ ಪಾಠ ಹೇಳಿದ ಆ ಸಂಸ್ಥೆಯು ಅವುಗಳನ್ನು ಮಾತ್ರವೇ ನೆಚ್ಚಿಕೊಳ್ಳಲಿಲ್ಲ. ವಿದ್ಯಾರ್ಥಿಯ ಉತ್ತರಗಳನ್ನು ತಿದ್ದಿ, ತಪ್ಪನ್ನು ತಿಳಿಯಹೇಳುವ ಬೋಧಕರನ್ನು ನೇಮಿಸಿತು. ಊರೂರುಗಳಲ್ಲಿ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಬೇಸಗೆಯಲ್ಲಿ ಶಿಬಿರಗಳನ್ನು ನಡೆಸಿತು. ಪಾಠವು ದೂರದಿಂದ ಬಂದರೂ ಆಸರೆಯು ಹತ್ತಿರದಲ್ಲಿಯೇ ಇರಬೇಕೆಂಬ ತತ್ತ್ವವನ್ನು ಅದು ಮೊದಲ ದಿನದಿಂದಲೇ ಅರಿತಿತ್ತು.

ಈ ತತ್ತ್ವವನ್ನು ಕಲಿಯಲು ಕನ್ನಡನಾಡಿನವರು ಬ್ರಿಟನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ. ಮಠಗಳು ನಡೆಸಿಕೊಂಡು ಬಂದ ಉಚಿತ ಪ್ರಸಾದ ನಿಲಯಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು 1917ರಲ್ಲಿ ಪ್ರಸಾದ ನಿಲಯವನ್ನು ತೆರೆದಾಗ ಆ ಊರಿನಲ್ಲಿ ಶಾಲೆ ಕಾಲೇಜುಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಹಳ್ಳಿಯಿಂದ ಬಂದ ಬಡ ಹುಡುಗನು ಆ ಶಾಲೆಯವರೆಗೆ ತಲಪಿ, ಅಲ್ಲಿ ನಿಲ್ಲುವ ಶಕ್ತಿಗೆ. ನಿಲಯವು ಅವನಿಗೆ ವಿದ್ಯೆಯನ್ನು ನೇರವಾಗಿ ಕಲಿಸಲಿಲ್ಲ. ಎರಡು ಹೊತ್ತಿನ ಊಟ, ಕುಳಿತು ಓದಲು ಒಂದು ಜಾಗ, ಅದೇ ಹಾದಿಯಲ್ಲಿ ಒಂದೆರಡು ವರ್ಷ ಮುಂದಿದ್ದ ಹಿರಿಯ ವಿದ್ಯಾರ್ಥಿಯ ಜೊತೆ, ಓದಲಿಲ್ಲವೇಕೆಂದು ಕೇಳುವ ಒಂದು ದನಿ, ಇವಿಷ್ಟನ್ನು ಒದಗಿಸಿತು. ಸಾವಿರಾರು ಮಂದಿ ಪದವೀಧರರಾದುದು ಇವುಗಳ ಬಲದಿಂದ. 1916ರಲ್ಲಿ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಹಿರಿಯರೂ ಇದೇ ಕಾಲದವರು. ದಾನದ ಹಣವು ಎಲ್ಲಿ ಫಲಿಸುವುದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಹಾಗಾದರೆ ಈಗ ಆಗಬೇಕಾದುದೇನು? ಮೊದಲನೆಯದಾಗಿ, ಸ್ಥಳ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳೆನಿಸಿದ್ದು, ಅನೇಕ ಕಡೆ ಗಣಕಯಂತ್ರ ಮತ್ತು ಅಂತರ್ಜಾಲಗಳನ್ನು ಹೊಂದಿವೆ. ಮಠದ ಶಾಲೆಗಳ ಕೊಠಡಿಗಳು ಸಂಜೆ ಐದರ ಅನಂತರ ಬರಿದಾಗಿರುತ್ತವೆ. ಇವೆರಡರಲ್ಲೊಂದು ರಾತ್ರಿ ಒಂಬತ್ತರವರೆಗೆ ಪದವಿ ವಿದ್ಯಾರ್ಥಿಗಳಿಗಾಗಿ ತೆರೆದಿದ್ದರೆ, ಮನೆಯಲ್ಲಿ ಮೂಲೆಯಿಲ್ಲದವರಿಗೆ ಮೂಲೆ ದೊರೆಯುತ್ತದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆಯೂ ಮನೆ ಸೇರುವ ಭದ್ರ ವ್ಯವಸ್ಥೆಯೂ ಇರತಕ್ಕದ್ದು.

ಎರಡನೆಯದಾಗಿ, ಮನುಷ್ಯ. ಪ್ರತಿ ಇಪ್ಪತ್ತು ಇಪ್ಪತ್ತೈದು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕನಿರಬೇಕು. ಅವನು ವಿಷಯದಲ್ಲಿ ಮಹಾವಿದ್ವಾಂಸನಾಗಿರಬೇಕೆಂದಿಲ್ಲ. ಎರಡು ವಾರ ಕಾಣಿಸದವನ ಮನೆಗೆ ಹೋಗಿ ವಿಚಾರಿಸುವವನಾಗಿದ್ದರೆ ಸಾಕು. ನಿವೃತ್ತ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯಕ್ಕೆ ಅತ್ಯಂತ ಯೋಗ್ಯರು. ಪಾಠಗಳು ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಮೊದಲ ಮೂರು ವಾರಗಳೇ ಕಠಿಣವಾದವು. ಕೆಲವು ಪಾಠಗಳ ಕನ್ನಡ ಅನುವಾದಗಳು ಈಗ ದೊರೆಯುತ್ತಿರುವುದು ಸಂತೋಷದ ವಿಷಯ. ಆದರೆ ಅವು ಎಲ್ಲಿವೆಯೆಂದು ತೋರಿಸುವವರೂ ಬೇಕು.

ಮೂರನೆಯದಾಗಿ, ಮಾನ್ಯತೆ ಮತ್ತು ಪರೀಕ್ಷೆ. ‘ಸ್ವಯಂ’ನಲ್ಲಿ ಪಾಠವು ಉಚಿತವಾದರೂ ಪ್ರಮಾಣಪತ್ರಕ್ಕಾಗಿ ಬರೆಯುವ ಪರೀಕ್ಷೆಗೆ ಶುಲ್ಕವುಂಟು; ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿಬರುವ ಖರ್ಚೂ ಉಂಟು. ಕಲಿತದ್ದು ಪದವಿಗೆ ಸೇರುವುದೋ ಇಲ್ಲವೋ ಎಂಬುದನ್ನು ಕಾಲೇಜು ಮೊದಲೇ ಲಿಖಿತವಾಗಿ ತಿಳಿಸಬೇಕು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯು 2015ರಲ್ಲಿ ರದ್ದಾಗಿ, 2018ರಲ್ಲಿ ಮರಳಿ ದೊರೆಯುವವರೆಗೆ ವಿದ್ಯಾರ್ಥಿಗಳು ಪಟ್ಟ ಪರಿತಾಪವನ್ನು ಬಲ್ಲವರಿಗೆ ಈ ಎಚ್ಚರದ ಬೆಲೆಯು ತಿಳಿದಿದೆ.

ಈ ಸಲಹೆಗಳಿಗೆ ಆಕ್ಷೇಪಣೆಗಳು ಬಾರದಿರವು. ಪದವಿ ಓದುವವರು ಮಕ್ಕಳಲ್ಲ, ಅವರಿಗೇಕೆ ಕೈಹಿಡಿದು ನಡೆಸುವವರು ಎಂದು ಕೆಲವರು ಕೇಳಬಹುದು. ವಿದ್ಯಾವಂತರ ಮನೆಯ ವಿದ್ಯಾರ್ಥಿಯನ್ನು ಕೈಹಿಡಿದು ನಡೆಸಲು ಅಕ್ಕ, ಅಣ್ಣ, ಚಿಕ್ಕಪ್ಪಂದಿರು ಮನೆಯಲ್ಲಿಯೇ ಇರುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನೇರಿದವನಿಗೆ ಆ ಕೈ ಎಲ್ಲಿಂದಲೋ ಬರಬೇಕಷ್ಟೆ. ಇನ್ನು ಅಧ್ಯಾಪಕರ ಶಂಕೆಯು ಬೇರೆಯದು. ಯಂತ್ರದ ಪಾಠವನ್ನು ನೆಪಮಾಡಿಕೊಂಡು ಖಾಲಿ ಹುದ್ದೆಗಳನ್ನು ಹಾಗೆಯೇ ಬಿಡುವರೆಂಬ ಅವರ ಭಯವು ನಿರಾಧಾರವಾದುದಲ್ಲ. ಆದುದರಿಂದಲೇ ಆನ್‌ಲೈನ್ ಪಾಠವು ಕಾಲೇಜಿನಲ್ಲಿ ಇಲ್ಲದ ವಿಷಯಕ್ಕೆ ಪೂರಕವಾಗಿರಬೇಕೇ ಹೊರತು, ಇರಬೇಕಾದ ಅಧ್ಯಾಪಕನಿಗೆ ಬದಲಾಗಿ ಬರಕೂಡದು. ಈ ಗೆರೆಯನ್ನು ಆಡಳಿತ ಮಂಡಳಿಗಳು ಸ್ಪಷ್ಟವಾಗಿ ಎಳೆಯಲೇಬೇಕು.

ದಾನಿಗಳಾದವರು ಯಂತ್ರಗಳನ್ನು ಕೊಡುಗೆಯಾಗಿ ನೀಡಿ, ಅವುಗಳ ಮೇಲೆ ಹೆಸರು ಕೆತ್ತಿಸುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಂತ್ರವು ನಾಲ್ಕೈದು ವರ್ಷಗಳಲ್ಲಿ ಹಳತಾಗುತ್ತದೆ. ಒಂದು ಕೊಠಡಿಯ ಸಂಜೆಯ ದೀಪ, ಒಬ್ಬ ಮಾರ್ಗದರ್ಶಕನ ಗೌರವಧನ, ಹತ್ತು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಇವುಗಳ ಮೇಲೆ ಹೆಸರು ಕೆತ್ತಿಸಲು ಬಾರದು. ಆದರೂ ಹೆಚ್ಚಿನ ಫಲವು ಇವುಗಳಿಂದಲೇ. ವಾರ್ಷಿಕ ವರದಿಗಳಲ್ಲಿಯೂ ಇಷ್ಟು ಮಂದಿ ಹೆಸರು ನೋಂದಾಯಿಸಿದರೆಂದು ಬರೆಯುವ ಬದಲು, ಇಷ್ಟು ಮಂದಿ ಮುಗಿಸಿದರು, ಇಷ್ಟು ಮಂದಿ ನಡುವೆ ಬಿಟ್ಟರು, ಬಿಟ್ಟವರನ್ನು ಯಾರು ಹೋಗಿ ಕಂಡರು ಎಂದು ಬರೆಯುವ ಪದ್ಧತಿಯು ಬರಲಿ. ಸಂಗನಕಲ್ಲಿನ ಹುಡುಗಿಯೊಬ್ಬಳು ತನ್ನ ಊರಿನ ಗುಡ್ಡದ ಇತಿಹಾಸವನ್ನು ಊರಿನಲ್ಲಿಯೇ ಕುಳಿತು ಕಲಿತು, ಪರೀಕ್ಷೆಯನ್ನೂ ಬರೆದು ತೇರ್ಗಡೆಯಾದಳೆಂಬ ಒಂದು ಸಾಲು ಆ ವರದಿಯಲ್ಲಿ ಸೇರಿದರೆ, ಪಾಠವು ನಿಜವಾಗಿಯೂ ಅವಳನ್ನು ತಲಪಿತೆಂದು ಅರ್ಥ.